ಸುಂಟರಗಾಳಿಯ ಕೆಳಗೆ ನಿಂತವಳು

ಮಧ್ಯಾಹ್ನ ಊಟವಾದ ಮೇಲೆ ಮಗಳ ಮೇಜಿಗೆ ಒಂದು ಲೋಟ ಮಜ್ಜಿಗೆ ಹೋಗಬೇಕು. ಕಂಪ್ಯೂಟರಿನ ಮುಂದೆ ಕುಳಿತರೆ ಅವಳಿಗೆ ಹಸಿವು ನೀರಡಿಕೆ ಎರಡೂ ಮರೆತುಹೋಗುತ್ತವೆ. ಆ ಭಾನುವಾರವೂ ಲೋಟ ಹಿಡಿದು ಅವಳ ಕೋಣೆಗೆ ಹೋದೆ. ಪರದೆಯ ಮೇಲೆ ನಿಗಡಿಯ ನಮ್ಮ ಬಿಲ್ಡಿಂಗಿನ ತಾರಸಿ ಇತ್ತು. ಅದೇ ಕರಿ ನೀರಿನ ಟಾಕಿ, ಅದೇ ಬಟ್ಟೆ ಒಣಹಾಕುವ ತಂತಿ. ತಂತಿಯ ಹತ್ತಿರ ಹಸಿರು ಸೀರೆಯ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ನಿಂತಿದ್ದಳು. ಆಕಾಶದಿಂದ ಕೆಮ್ಮಣ್ಣಿನ ಬಣ್ಣದ ಸುಂಟರಗಾಳಿಯೊಂದು ಗಿರಗಿರ ತಿರುಗುತ್ತ ಇಳಿದು ಬರುತ್ತಿತ್ತು. ಆಕೆ ಓಡಲಿಲ್ಲ. ತೆಗೆದ ಕ್ಲಿಪ್ಪನ್ನು ಬಾಯಿಗೆ ಒಯ್ಯುತ್ತ ಒಂದೊಂದೇ ಬಟ್ಟೆ ತೆಗೆಯುತ್ತಿದ್ದಳು. ಕೊನೆಗೆ ಒಂದು ದಿಂಬಿನ ಕವರಿಗೆ ಕೈ ಚಾಚಿದ್ದಳು. ಗಾಳಿ ಬಂತು. ತಂತಿ, ಬಟ್ಟೆ, ಹೆಂಗಸು, ಎಲ್ಲವನ್ನೂ ಎತ್ತಿಕೊಂಡು ಹೋಯಿತು.

ಲೋಟ ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ನಿಂತೆ.

"ಯಾರವಾ ಅದು?"

"ಯಾರೂ ಅಲ್ಲವ್ವಾ. ಅಳತೀಗೆ ಅಂತ ಇಟ್ಟೀನಿ. ಪಕ್ಕದಾಗ ಮನಷ್ಯಾರು ಇರಲಿಲ್ಲಂದ್ರ ಗಾಳಿ ಎಷ್ಟು ದೊಡ್ಡದು ಅಂತ ನೋಡೋರಿಗೆ ತಿಳಿಯಂಗಿಲ್ಲ."

"ಅದು ನನ್ನ ಸೀರಿ. ಈಗ ನಾ ಉಟ್ಟದ್ದ."

ಮಗಳು ನನ್ನ ಸೀರೆ ನೋಡಿ ಪರದೆಯ ಕಡೆ ತಿರುಗಿದಳು.

"ಬಿಡ್ತು ಅನ್ನು."

"ಅವ್ವಾ, ಇದು ಬರೇ ಕಂಪ್ಯೂಟರಿನಾಗ..."

"ಮೊದಲ ಬಿಡ್ತು ಅನ್ನು."

"ಬಿಡ್ತು," ಎಂದು ಮಜ್ಜಿಗೆ ಇಸಿದುಕೊಂಡಳು.

ಅವಳ ಅವಸರ ನನಗೆ ಗೊತ್ತಿತ್ತು. ಅನಿಮೇಶನ್ ಕೋರ್ಸು ಮುಗಿಸಿದ ಮೇಲೆ ಎಲ್ಲೆಲ್ಲೋ ಹೋಗಿ ಬಂದಿದ್ದಳು. ಎಲ್ಲರೂ ತಿಳಿಸುತ್ತೇವೆ ಎಂದು ಹೇಳಿ ಸುಮ್ಮನಾಗಿದ್ದರು. ಈಗ ಮಗರಪಟ್ಟಾದ ಒಂದು ಸ್ಟುಡಿಯೊದವರು ಪರೀಕ್ಷೆ ಕೊಟ್ಟಿದ್ದರು. ನಿನಗೆ ಗೊತ್ತಿರುವ ಒಂದು ಜಾಗಕ್ಕೆ ಸುಂಟರಗಾಳಿ ಬಂದ ಹಾಗೆ ಮಾಡಿ ಸೋಮವಾರ ತೋರಿಸು ಎಂದಿದ್ದರು. ಇದೂ ಕೈತಪ್ಪಿದರೆ ತನ್ನ ಅಪ್ಪ ಹೇಳಿದ ಆಫೀಸಿನ ಕೆಲಸಕ್ಕೆ ಹೋಗುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

ಗಾಳಿ ಮಾಡುವ ಬಗೆಯನ್ನು ನನಗೆ ಹಿಂದೆಯೇ ತೋರಿಸಿದ್ದಳು. ಪರದೆಯೊಳಗೆ ಗಾಜಿನಂಥ ಒಂದು ಪೆಟ್ಟಿಗೆ. ಅದರೊಳಗೆ ಹೊಗೆ ತುಂಬಬೇಕು, ಎಷ್ಟು ದಟ್ಟ, ಎಷ್ಟು ವೇಗ, ಎಷ್ಟು ಸುಳಿ ಎಂದು ಹೇಳಬೇಕು. ಅದಕ್ಕೆ ಫ್ಲೂಯಿಡ್ ಎನ್ನುತ್ತಾಳೆ. "ಅದು ನೀರಿಗೆ ಅನ್ನೂದಲ್ಲೇನು?" ಎಂದರೆ, "ಗಾಳೀನೂ ಹರೀತದಲ್ಲವ್ವಾ" ಎಂದಿದ್ದಳು. ಮೊದಮೊದಲು ಅದು ಊದಿನಕಡ್ಡಿಯ ಹೊಗೆಯಂತೆ ಏಳುತ್ತಿತ್ತು. ಆಮೇಲೆ ಕಡೆಗೋಲಿನ ಕೆಳಗಿನ ಮೊಸರಿನಂತೆ ತಿರುಗಿತು. ಒಮ್ಮೆ ಪೆಟ್ಟಿಗೆ ಸಣ್ಣದಾಗಿ, ಗಾಳಿ ಅದರ ಗೋಡೆಗೆ ಬಡಿದು ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಆಗೆಲ್ಲ ನಕ್ಕಿದ್ದೆ. ಅದು ಬೆಳೆದು ನಮ್ಮ ತಾರಸಿಗೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

"ಇನ್ನೊಮ್ಮೆ ಹಚ್ಚು," ಎಂದೆ.

ಈ ಸಲ ಗಾಳಿಯನ್ನು ನೋಡಲಿಲ್ಲ. ಆಕೆಯ ಎಡ ಹೆಗಲು ಸ್ವಲ್ಪ ಇಳಿದಿತ್ತು. ಒಂದು ಬಟ್ಟೆ ತೆಗೆದಾದ ಮೇಲೆ ಸೊಂಟಕ್ಕೆ ಕೈ ಕೊಟ್ಟು ಒಂದಿಷ್ಟು ನಿಂತು ಮುಂದಿನದಕ್ಕೆ ಕೈ ಚಾಚುತ್ತಿದ್ದಳು. ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದೇನೆ, ಕುಂಕುಮ ನೇರ ಇದೆಯೇ ಎಂದು ನೋಡಿಕೊಂಡಿದ್ದೇನೆ. ನನ್ನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಅದು ನಮ್ಮವ್ವನ ಬೆನ್ನಾಗಿತ್ತು.

"ಸೊಂಟದ ಮ್ಯಾಲೆ ಕೈ ಇಡೂದು ಯಾವಾಗಿಂದ?"

"ಭಾಳ ದಿನಾತವ್ವಾ. ನಿನಗ ಗೊತ್ತಿಲ್ಲೇನು?"

ಪೇಪರು ಹಿಡಿದು ಬಾಗಿಲಿಗೆ ಬಂದು ನಿಂತಿದ್ದ ನಮ್ಮನೆಯವರು, "ಖರೇ ತೋರಿಸೀದಿ ಮಗಳ. ಗಾಳಿ ಬಿಟ್ರೂ ನಿಮ್ಮವ್ವ ಬಟ್ಟಿ ಬಿಡಾಕಿ ಅಲ್ಲ," ಎಂದರು.

"ನೀವು ಸುಮ್ಮನಿರ್ರಿ. ನಿಮ್ಮ ಅಂಗೀನ ಮೊದಲ ಹಾರ್ಲಿ," ಎಂದೆ. ಮಗಳ ಕಡೆ ತಿರುಗಿ, "ಆಕೀನ ಓಡಿಸು. ಅಷ್ಟು ದೊಡ್ಡ ಗಾಳಿ ಬಂದ್ರ ನಾ ಓಡ್ತೀನಿ."

"ನೀ ಓಡಂಗಿಲ್ಲವ್ವಾ."

ತಮಾಷೆಗೆ ಹೇಳಿದ್ದರೆ ಬೇರೆ. ಅನ್ನ ಆಗಿದೆ ಎಂದಷ್ಟೇ ಸಹಜವಾಗಿ ಹೇಳಿದಳು. ಹೆತ್ತ ಮಗಳು ನನ್ನ ಸಾವನ್ನು ಲೆಕ್ಕ ಹಾಕಿ, ಅದಕ್ಕೆ ಒಂದು ದಿಂಬಿನ ಕವರಿನ ಕಾರಣವನ್ನೂ ಇಟ್ಟುಕೊಂಡಿದ್ದಳು.

"ಗಚ್ಚಿ ಮ್ಯಾಲೆ ನಡಿ. ಓಡಿ ತೋರಸ್ತೀನಿ."

ಗಾಳಿಯ ಲೆಕ್ಕ ಮುಗಿದಿದೆ, ಅದನ್ನು ಮುಟ್ಟುವುದಿಲ್ಲ, ಹೆಂಗಸನ್ನು ಮಾತ್ರ ಬದಲಿಸಬಹುದು ಎನ್ನುತ್ತ ಅವಳು ಮೊಬೈಲು ಹಿಡಿದು ತಾರಸಿಗೆ ಬಂದಳು. ಪಕ್ಕದ ಮನೆಯ ಮರಾಠಿ ವಹಿನಿ ಹಪ್ಪಳ ಹಾಕುತ್ತಿದ್ದರು. "ಕಾಯ್ ಚಾಲಲಂಯ?" ಏನು ನಡೆದಿದೆ ಎಂದು ಕೇಳಿದರು. ಮಗಳ ಪರೀಕ್ಷೆ ಎಂದು ಮರಾಠಿಯಲ್ಲೇ ಹೇಳಿದೆ. ನನ್ನ ಕೈಯಲ್ಲಿ ಬಕೆಟ್ಟು, ಬಾಯಲ್ಲಿ ಕ್ಲಿಪ್ಪು ಇರುವುದನ್ನು ನೋಡಿ ಅವರು ಮತ್ತೇನೂ ಕೇಳಲಿಲ್ಲ.

"ಗಾಳಿ ಬಂತವ್ವಾ," ಎಂದಳು ಮಗಳು.

ಬಕೆಟ್ಟು ಒಗೆದು ಓಡಿದೆ. ಸೀರೆಯ ನೆರಿಗೆ ಹಿಡಿದು, ಮೆಟ್ಟಿಲ ಬಾಗಿಲು ದಾಟಿ ನಿಂತು ಏದುಸಿರು ಬಿಟ್ಟೆ. ಓಡಿದ್ದೆ. ಗೆದ್ದವಳಂತೆ, "ಈಗೇನಂತಿ?" ಎಂದೆ.

ಅವಳು ನಾನು ಓಡಿದ್ದನ್ನು ಸೆರೆಹಿಡಿದ ಮೊಬೈಲು ನನ್ನ ಮುಂದೆ ಹಿಡಿದಳು. ಹಸಿರು ಸೀರೆಯ ಹೆಂಗಸು ಬಕೆಟ್ಟು ಒಗೆದು ಓಡುತ್ತಾಳೆ. ಬಾಗಿಲ ಹತ್ತಿರ ಬರುತ್ತಾಳೆ. ತಿರುಗುತ್ತಾಳೆ. ತಂತಿಗೆ ವಾಪಸು ಹೋಗಿ, ಒಂದು ದಿಂಬಿನ ಕವರು ಎಳೆದು ಕಂಕುಳಿಗೆ ಸಿಕ್ಕಿಸಿಕೊಂಡು ಮತ್ತೆ ಓಡುತ್ತಾಳೆ.

ಹಾಗೆ ಮಾಡಿದ ನೆನಪು ನನಗೆ ಕಿಂಚಿತ್ತೂ ಇರಲಿಲ್ಲ. ಮೊಬೈಲು ಸುಳ್ಳು ಹೇಳುತ್ತಿದೆ ಎನ್ನಬೇಕೆಂದುಕೊಂಡೆ. ಕಂಕುಳಲ್ಲಿ ಒದ್ದೆ ಹತ್ತಿತು. ಕೈ ಹಾಕಿ ನೋಡಿದರೆ ದಿಂಬಿನ ಕವರು ಅಲ್ಲೇ ಇತ್ತು, ಸರಿಯಾಗಿ ಒಣಗಿರಲಿಲ್ಲ.

ಇನ್ನೊಮ್ಮೆ ಓಡು ಎಂದು ಮಗಳು ಹೇಳಲಿಲ್ಲ. ಓಡುತ್ತೇನೆ ಎಂದು ನಾನೂ ಅನ್ನಲಿಲ್ಲ. ಇಬ್ಬರೂ ಕೆಳಗಿಳಿದೆವು. ಮಗಳು ಸಂಜೆಯವರೆಗೆ ಕೂತು ಆ ಹೆಂಗಸನ್ನು ಹಾಗೆಯೇ, ತಿರುಗಿ ಹೋಗುವಂತೆಯೇ, ತನ್ನ ಗಾಳಿಯ ಚಿತ್ರದಲ್ಲಿ ಕೂರಿಸಿದಳು.

ಸೋಮವಾರ ಮಗರಪಟ್ಟಾದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಅಲ್ಲಿಯ ಹಿರಿಯರು ಮೊದಲು ಗಾಳಿಯನ್ನಷ್ಟೇ ನೋಡಿದರಂತೆ. ಆಮೇಲೆ ಚಿತ್ರ ನಿಲ್ಲಿಸಿ, ಈಕೆ ಯಾಕೆ ತಿರುಗಿದಳು ಎಂದು ಕೇಳಿದರಂತೆ.

"ನೀ ಏನಂದಿ?"

"ತಿರುಗ್ತಾಳ್ರಿ, ನಮ್ಮವ್ವ ಅಂದೆ. ಬರೂ ತಿಂಗಳಿಂದ ಬಾ ಅಂದ್ರು."

ಶಿರಾ ಮಾಡಲು ರವೆ ಹುರಿಯುತ್ತಿದ್ದೆ. ಸಂತೋಷವಾಗಿತ್ತು, ಆದರೂ ತಡೆಯಲಾಗದೆ ಕೇಳಿದೆ: "ಆಕಿ ಬಾಗಲಾ ಮುಟ್ಟಿದಳೇನು?"

"ಒಂದು ಕಾಲು ಒಳಗ ಇಟ್ಟಾಗ ಚಿತ್ರ ಮುಗೀತದವ್ವಾ."

"ಇನ್ನೊಂದು ಕಾಲು?"

"ಅದನ್ನ ನಾ ಮಾಡಿಲ್ಲ," ಎಂದಳು. ಆಮೇಲೆ ತಾನೇ ನೆನಪಿಸಿಕೊಂಡು, "ಬಿಡ್ತು," ಎಂದಳು.

ಸಂಜೆ ಬಟ್ಟೆ ತರಲು ಮೇಲೆ ಹೋದೆ. ಸುಮ್ಮನೆ ಒಂದಿಷ್ಟು ಧೂಳು ಎದ್ದಿತ್ತು, ಅಷ್ಟೇ. ನಮ್ಮನೆಯವರ ಅಂಗಿ ತೆಗೆದೆ. ಕೈ ಸೊಂಟಕ್ಕೆ ಹೋದದ್ದು ಈಗ ನನಗೆ ತಿಳಿಯಿತು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಬೆನ್ನ ಹಿಂದೆ ಒಮ್ಮೆ ತಿರುಗಿ ನೋಡಿದೆ.