ಜೇಡದ ಭರಣಿ

ಮದುವೆಯಾದ ಹೊಸದರಲ್ಲಿ ನನ್ನನ್ನು ಮನೆಯಲ್ಲಿ ಕಟ್ಟಿಹಾಕಿದ್ದು ಅತ್ತೆಯಲ್ಲ, ಗಂಡನಲ್ಲ, ಒಂದು ಜೇಡ. ಇದು ಎಪ್ಪತ್ತರ ದಶಕದ ಮಾತು. ನನ್ನ ಗಂಡ ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು, ವಿಜ್ಞಾನ ಹೇಳಿಕೊಡುತ್ತಿದ್ದರು. ಮದ್ದೂರಿನ ಹತ್ತಿರ ಹೊಳೆದಂಡೆಯ ಬಿಲದಿಂದ ಅಂಗೈಯಗಲದ, ಮೈತುಂಬ ಕೂದಲಿದ್ದ ಜೇಡವೊಂದನ್ನು ಹಿಡಿದು ತಂದು ಗಾಜಿನ ಭರಣಿಯಲ್ಲಿ ಸಾಕಿದ್ದರು. ಮಕ್ಕಳ ಪಾಠಕ್ಕೆ ಬೇಕು ಎನ್ನುತ್ತಿದ್ದರು. ಅದು ಒಂದು ದಿನವಾದರೂ ಶಾಲೆಗೆ ಹೋದದ್ದನ್ನು ನಾನು ಕಾಣೆ.

ಆಮೇಲೆ ಅವರು ಒಂದು ವರ್ಷದ ತರಬೇತಿಗೆ ಮೈಸೂರಿಗೆ ಹೋದರು. ಹೊರಡುವಾಗ ಹೊಸ ಹೆಂಡತಿಗೆ ಹೇಳಿದ್ದೆಲ್ಲ ಜೇಡದ ಮಾತೇ. ವಾರಕ್ಕೊಂದು ಜಿರಲೆಯನ್ನು ಜೀವಂತ ಹಿಡಿದು ಹಾಕಬೇಕು. ಒದ್ದೆ ಹತ್ತಿ ಇಡಬೇಕು. ಹುಳದ ಪುಡಿ, ಔಷಧಿ ಯಾವುದೂ ಮನೆಯೊಳಗೆ ಬರಕೂಡದು, ಅದರ ಗಾಳಿ ಸೋಕಿದರೂ ಜೇಡ ಸಾಯುತ್ತದೆ.

ತಿಗಣೆಗಳಿಗೆ ಸುಗ್ಗಿಯೋ ಸುಗ್ಗಿ. ನಾನು ಮಂಚವನ್ನು ಅಂಗಳಕ್ಕೆಳೆದು ಸಂದುಸಂದಿಗೆ ಕುದಿಯುವ ನೀರು ಹುಯ್ದೆ, ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದೆ. ಆದರೂ ಕೆರೆದುಕೊಳ್ಳುವುದು ತಪ್ಪಲಿಲ್ಲ.

ಅಷ್ಟರಲ್ಲಿ ನನ್ನ ತವರೂರು ಹೊಳಲಿನಿಂದ ಅಣ್ಣ ಬಂದ. ತವರಲ್ಲಿ ಅಕ್ಕನಿಗೆ ಹೆಣ್ಣು ಮಗುವಾಗಿತ್ತು. ಐದನೆಯ ತಿಂಗಳಿಗೆ ಅವಳನ್ನು ಗಂಡನ ಮನೆಗೆ ಕಳಿಸುತ್ತಾರೆ, ಅದರೊಳಗೆ ನಾನು ಹೋಗಿ ಮಗುವನ್ನು ಎತ್ತಿಕೊಳ್ಳಬೇಕು. ಸಡಗರದಿಂದ ಸೀರೆ ಮಡಿಚಿಟ್ಟೆ. ಅತ್ತೆ ಬಾಗಿಲಲ್ಲೇ ನಿಂತರು.

"ನೀನ್ ಒಂಟೋದ್ರೆ ಅದ್ಕೆ ಜಿರ್ಲೆ ಆಕೋರ್ಯಾರು? ನಾನಂತೂ ಮುಟ್ಟಕ್ಕಿಲ್ಲ ಕಣಮ್ಮ. ಅದೇನಾರ ಸತ್ರೆ ನನ್ ಮಗ ಸುಮ್ಕೆ ಬುಟ್ಟಾನಾ?"

ಅಣ್ಣ ಒಬ್ಬನೇ ವಾಪಸು ಹೋದ. ಗಂಡನಿಗೆ ಕಾಗದ ಬರೆದೆ. 'ತರಬೇತಿ ಮುಗಿದ ಮೇಲೆ ಹೋದರಾಯಿತು. ಜೇಡ ಹೇಗಿದೆ?' ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು. ಅದಕ್ಕೆ ಭರಣಿ, ನನಗೆ ಹೊಸಿಲು. ಮಧ್ಯಾಹ್ನ ಕೆಲಸ ಮುಗಿಸಿ ಅದರೆದುರು ಕೂತು ಗಂಡನನ್ನು ಬಯ್ಯುತ್ತಿದ್ದೆ. ಅದು ಕಾಲು ಅಲ್ಲಾಡಿಸದೆ ಕೇಳಿಸಿಕೊಳ್ಳುತ್ತಿತ್ತು. ಆ ಮನೆಯಲ್ಲಿ ಅಷ್ಟು ತಾಳ್ಮೆ ಇನ್ಯಾರಿಗೂ ಇರಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸೊಳ್ಳೆಗೆ ಡಿ.ಡಿ.ಟಿ. ಹೊಡೆಯುವವರು ನಮ್ಮ ಬೀದಿಗೆ ಬಂದರು. ಬೇಡವೆನ್ನಲು ಹೋದೆ. ತಿಗಣೆ ಕಾಟಕ್ಕೆ ಬೇಸತ್ತಿದ್ದ ಅತ್ತೆ, "ಒಡೀಲಿ ಬುಡು" ಎಂದು ಬಾಗಿಲು ತೆರೆದುಬಿಟ್ಟರು.

ನಮ್ಮಲ್ಲಿ ಔಷಧಿಯವರನ್ನು ದೇವರ ಮನೆಗೆ ಬಿಡುವುದಿಲ್ಲ. ಭರಣಿಯನ್ನು ಎತ್ತಿಕೊಂಡು ಅಲ್ಲಿಗೇ ಓಡಿದೆ. ಒಳಗಿನಿಂದ ಕದ ಹಾಕಿ, ಸಂದಿಗೆ ಹಳೇ ಸೀರೆ ತುರುಕಿ, ಭರಣಿಗೆ ಒದ್ದೆ ಬಟ್ಟೆ ಹೊದಿಸಿ ಮಡಿಲಲ್ಲಿಟ್ಟುಕೊಂಡು ಕೂತೆ. ಆಚೆ ಪಂಪಿನ ಸದ್ದು. ನಾನೂ ಅದೂ ಒಂದೇ ಭರಣಿಯಲ್ಲಿ ಇದ್ದಂತಿತ್ತು.

ಜೇಡಕ್ಕೆ ಏನೂ ಆಗಲಿಲ್ಲ. ಅದನ್ನು ಅಲ್ಲೇ ಇಟ್ಟೆ. ನಾಲ್ಕನೆಯ ದಿನ ಅದರ ಊಟದ ದಿನ. ಹೂವಿನ ತಟ್ಟೆಯ ಹಿಂದೆ ಒಂದು ಜಿರಲೆ ಕಂಡಿತು. ಬೇರೆ ದಿನ ಒಂದು ಜಿರಲೆಗೆ ಮನೆಯೆಲ್ಲ ಓಡಬೇಕಿತ್ತು; ಇದು ತೂರಾಡುತ್ತ ತಾನಾಗಿ ಕೈಗೆ ಸಿಕ್ಕಿತು. ದೇವರ ಮನೆಯದಲ್ಲವೇ, ಇಲ್ಲಿ ಔಷಧಿ ಬಿದ್ದಿಲ್ಲ ಎಂದುಕೊಂಡು ಖುಷಿಯಿಂದಲೇ ಹಾಕಿದೆ. ಔಷಧಿ ಹೊಡೆದಿದ್ದ ನಡುಮನೆಯ ಗೋಡೆಯ ಮೇಲೆಲ್ಲ ಹರಿದಾಡಿ ಅದು ಒಳಗೆ ತಪ್ಪಿಸಿಕೊಂಡು ಬಂದದ್ದು ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಜೇಡ ನಡುಗುತ್ತಿತ್ತು. ಅದರಾಚೆ ದಿನ ಎಂಟೂ ಕಾಲು ಒಳಕ್ಕೆ ಮಡಿಚಿಕೊಂಡು ಬಿದ್ದಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕೊಂದವಳು ನಾನೇ ಎಂದು ಗಂಡನಿಗೆ ಬರೆದೆ. ಉತ್ತರ ಬರುವವರೆಗೆ ಅನ್ನ ಸೇರಲಿಲ್ಲ.

ಉತ್ತರದಲ್ಲಿ ಒಂದು ಬೈಗುಳವೂ ಇರಲಿಲ್ಲ. 'ಪರವಾಗಿಲ್ಲ. ಬರುವ ಶನಿವಾರ ಮದ್ದೂರಿನಲ್ಲಿ ಇಳಿದು ಇನ್ನೊಂದು ಹಿಡಿದು ತರುತ್ತೇನೆ. ಭರಣಿ ಚೆನ್ನಾಗಿ ತೊಳೆದಿಡು.'

ತೊಳೆದೆ. ಕುದಿಯುವ ನೀರು, ಸೀಗೆಪುಡಿ ಹಾಕಿ ಮೂರು ಸಲ ತೊಳೆದು ಬಿಸಿಲಲ್ಲಿ ಒಣಗಿಸಿದೆ. ಆಮೇಲೆ ನಿಂಬೆಹಣ್ಣು ತರಿಸಿ, ಹೆಚ್ಚಿ, ಉಪ್ಪು ಬೆರೆಸಿ ಕತ್ತಿನವರೆಗೂ ತುಂಬಿದೆ.

"ಇದೇನಮ್ಮ, ಅವ್ನ್ ಬಂದು ಬರಣಿ ಕೇಳುದ್ರೆ?" ಎಂದರು ಅತ್ತೆ.

"ತುಂಬ್ಯದೆ ಅನ್ನಿ. ನಾನು ಒಳಲಿಗೆ ಓಯ್ತೀನಿ."

ಅತ್ತೆ ಈ ಸಲ ಬಾಗಿಲಿಗೆ ಬರಲಿಲ್ಲ. ಶುಕ್ರವಾರದ ಬಸ್ಸು ಹತ್ತಿದೆ. ಹೊಳಲು ತಲುಪಿದಾಗ ಅಕ್ಕ ಗಂಡನ ಮನೆಗೆ ಹೊರಡಲು ಗಂಟು ಕಟ್ಟುತ್ತಿದ್ದಳು. ಮಗುವನ್ನು ಎತ್ತಿಕೊಂಡೆ. ಅದು ಯಾರೋ ಹೊಸಬಳೆಂದು ನನ್ನ ಮುಖ ನೋಡಿ ಅತ್ತಿತು.