ಮಾವಶಿಯ ಉಗುಳು ಕೇಳಲು ಹೋದದ್ದು

ಬೆಳಿಗ್ಗೆ ಹಾಲು ಕಾಯಿಸಿದೆ, ಮಡಕಿ ಕಾಳು ನೆನೆಹಾಕಿದೆ, ಯಜಮಾನರ ಬಿ.ಪಿ. ಗುಳಿಗೆಯನ್ನು ಚಹಾದ ಬಸಿಯಲ್ಲಿಟ್ಟೆ, ಒಣಗದ ಬಟ್ಟೆಗಳನ್ನು ಒಳಗಿನ ಹಗ್ಗಕ್ಕೆ ದಾಟಿಸಿದೆ, ಶೇಂಗಾ ಉಂಡಿಗಳನ್ನು ಡಬ್ಬಿಗೆ ತುಂಬಿದೆ. ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ಚೀಲಕ್ಕೆ ಹೋದವು. ಎಲ್ಲದರ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕೊಳವೆಯ ಪೊಟ್ಟಣ. ಪ್ರತಿ ವರ್ಷ ನಾಗರ ಪಂಚಮಿಯ ಹೊತ್ತಿಗೆ ಅನಗೋಳದಿಂದ ಖಾನಾಪುರಕ್ಕೆ ಮಾವಶಿಗೆ, ಅಂದರೆ ಅವ್ವನ ತಂಗಿಗೆ, ಉಂಡಿ ಒಯ್ಯುತ್ತೇನೆ. ಅವ್ವ ಹೋದ ಮೇಲೆ ಅವಳಿಗೆ ತವರೆಂದರೆ ನಾನೊಬ್ಬಳೇ. ಈ ಸಲ ಕೊಡುವುದರ ಜೊತೆಗೆ ಕೇಳುವುದೂ ಇತ್ತು: ಅವಳ ಉಗುಳು.

ಅವ್ವ ಎದೆಯ ಕ್ಯಾನ್ಸರಿನಿಂದ ಹೋದಳು. ಅದು ಬಂದದ್ದು ವಯಸ್ಸಾದ ಮೇಲೆ. ಮಾವಶಿಗೆ ಮಾತ್ರ ತೀರ ಮೊದಲೇ, ಕೂಸುಗಳು ಇನ್ನೂ ಸಾಲಿ ಕಲಿಯುವಾಗಲೇ ಅದೇ ರೋಗ ಬಂದಿತ್ತು. ಒಂದು ಎದೆ ತೆಗೆದರು, ಬದುಕಿಕೊಂಡಳು. ಇಬ್ಬರ ಕಥೆಯನ್ನೂ ಕೇಳಿದ ಬೆಳಗಾವಿಯ ಡಾಕ್ಟರ್ ಬಾಯಿಯವರು ನನಗೆ ಜೀನ್ ಪರೀಕ್ಷೆ ಮಾಡಿಸಿದರು. ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅದು ಕೇಡು ಮಾಡುವಂಥದ್ದೋ ಸುಮ್ಮನೆ ಇರುವಂಥದ್ದೋ ಈಗಲೇ ಹೇಳಲು ಬರುವುದಿಲ್ಲ ಎಂದು ಬಂತು.

"ಈ ಒಂದ ಅಕ್ಷರ ನೋಡಿ ಯಾರೂ ಆಪರೇಷನ್ ಮಾಡೂದಿಲ್ರಿ," ಎಂದರು ಡಾಕ್ಟರು. "ಆದರ ಅಕ್ಕ-ತಂಗಿ ಇಬ್ಬರಿಗೂ ಬಂದದ. ನಿಮ್ಮ ಮಾವಶಿಯವರೊಳಗೂ ಇದೇ ಬದಲಾವಣಿ ಇತ್ತಂದ್ರ ನಮ್ಮ ಸಂಶಯ ಜಾಸ್ತಿ ಆಗತದ. ಆಗ ಆಪರೇಷನ್ ವಿಚಾರ ಮಾತಾಡೂಣು. ಅವರ ಉಗುಳು ತಗೊಂಡ ಬರ್ರಿ."

ಯಜಮಾನರ ಕಿವಿಗೆ ಬಿದ್ದದ್ದು ಸಂಶಯ ಎನ್ನುವುದೊಂದೇ. "ಎರಡೂ ತಗಸಿ ಬಿಡು. ಜೀವಕ್ಕಿಂತ ಹೆಚ್ಚೇನ ಅವು?" ಎಂದರು. ಅವ್ವನ ಕೊನೆಯ ದಿನಗಳಲ್ಲಿ ಹಾಸಿಗೆ ಬದಲಿಸಲು ನನ್ನ ಜೊತೆ ಕೈ ಜೋಡಿಸಿದವರು ಅವರು. ಸಿಟ್ಟಿನಂತೆ ಕಂಡರೂ ಅದು ಅಂಜಿಕೆ.

"ಗೊತ್ತಿಲ್ಲ ಅನ್ನೂ ಮಾತಿಗೆ ನಾ ಮೈ ಕೊಡಾಂಗಿಲ್ಲ," ಎಂದೆ. "ಮೊದಲ ಗೊತ್ತ ಮಾಡ್ಕೊಂಡ ಬರ್ತೀನಿ."

ಖಾನಾಪುರ ಮುಟ್ಟಿದಾಗ ಮಾವಶಿ ಕಟ್ಟೆಯ ಮೇಲೆ ಎಲೆ ಅಡಿಕೆ ಅಗಿಯುತ್ತ ಕುಳಿತಿದ್ದಳು.

"ಬಾ ಬಾಳಾ. ಎಷ್ಟ ಸೊರಗೀದಿ! ನಿನ್ನ ಗಂಡ ಉಣ್ಣಾಕ ಹಾಕ್ತಾನೋ, ಎಲ್ಲಾ ತಾನ ಉಣ್ತಾನೋ?"

ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ. ಬಾಯಿ ತೊಳೆದು, ಅರ್ಧ ತಾಸು ಏನೂ ತಿನ್ನದೆ, ಆಮೇಲೆ ಈ ಕೊಳವೆಯೊಳಗೆ ಉಗುಳಬೇಕು.

"ಮದಿವ್ಯಾಗಿ ಬಂದಾಗಿಂದ ಈ ಅಂಗಳದಾಗ ಉಗುಳಾಕತ್ತೀನಿ. ಬೇಕಾದಷ್ಟ ಬಳಕೊಂಡ ಹೋಗು," ಎಂದು ನಕ್ಕಳು.

ಬಾಯಿ ತೊಳೆಸಿದೆ. ಡಬ್ಬಿ ಒಳಗಿಟ್ಟು ಬರುವಷ್ಟರಲ್ಲಿ ಗಲ್ಲ ಉಬ್ಬಿತ್ತು. ಮತ್ತೆ ತೊಳೆಸಿದೆ. ಹಿತ್ತಲಿನ ಬಟ್ಟೆ ತೆಗೆದು ಬಂದರೆ ಮತ್ತೆ ಎಲೆ. "ಅಯ್ಯ, ಮರತೇ ಬಿಟ್ಟೆ ನೋಡ," ಎಂದಳು. ಮೂರನೆಯ ಸಲ ಅವಳ ಎಲೆಯ ಸಂಚಿಯನ್ನೇ ಕಸಿದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಈಗ ಹಾಕ್ಕೋ ನೋಡೂಣು. ಸೂಜಿ ಇಲ್ಲ, ನೋವಿಲ್ಲ, ಯಾಕ ಇಷ್ಟ ಅಂಜತಿ ಮಾವಶಿ?"

ಅವಳು ನಗಲಿಲ್ಲ. ಅವಳ ಗಂಡ, ಕಾಕಾ, ಗದ್ದೆಯಿಂದ ಬಂದರೇನೋ ಎಂದು ದಾರಿಯತ್ತ ನೋಡಿದಳು.

"ನನ್ನ ಉಗುಳ ನಿನಗ ಉಪಯೋಗಿಲ್ಲ ಮಗಳ. ನಾ ನಿಮ್ಮ ಆಯಿ ಹೊಟ್ಯಾಗ ಹುಟ್ಟಿದಾಕಿ ಅಲ್ಲ."

ಆಯಿ ಎಂದರೆ ಅವ್ವನ ಅವ್ವ. ಕಣಕುಂಬಿ ಕಡೆಯ ಹೆಂಗಸೊಬ್ಬಳು ಹಡೆದು ತೀರಿಕೊಂಡಾಗ, ಆ ಕೂಸನ್ನು ತಂದು ಆಯಿಯ ಉಡಿಯಲ್ಲಿ ಹಾಕಿ ಹೋಗಿದ್ದರಂತೆ. ಉಡಿಯಲ್ಲಿ ಬಿದ್ದ ಮೇಲೆ ಕೂಸು ಆ ಮನೆಯದೇ. ಅದರ ಹುಟ್ಟಿನ ಮಾತು ಆಡುವುದು ಪಾಪ ಎಂದು ನಮ್ಮಲ್ಲಿ ನಂಬಿಕೆ. ಅವ್ವನಿಗೆ ಗೊತ್ತಿತ್ತು, ಸಾಯುವ ತನಕ ಬಾಯಿ ಬಿಡಲಿಲ್ಲ. ಡಾಕ್ಟರು ಮನೆತನದಲ್ಲಿ ಯಾರಿಗೆಲ್ಲ ಬಂದಿತ್ತು ಎಂದು ಕೇಳಿದಾಗ ನಾನು ಎಲ್ಲರಿಗಿಂತ ಮೊದಲು ಹೇಳಿದ್ದು ಮಾವಶಿಯನ್ನೇ.

"ಹೇಳದಿದ್ರ ನಿನ್ನ ಎದಿ ಕೊಯ್ತಾರ," ಎಂದಳು. "ಹೇಳಿದ್ರ ಬರೂ ವರ್ಷ ನೀ ಉಂಡಿ ತರತಿಯೋ ಇಲ್ಲೋ. ಎಲಿ ಅಗಿಯೂದ ಬಿಟ್ಟ ಬ್ಯಾರೆ ಏನೂ ತಿಳೀಲಿಲ್ಲವ್ವ ನನಗ."

ಅಲ್ಲೇ ಕಟ್ಟೆಯ ಮೇಲಿಂದ ಡಾಕ್ಟರಿಗೆ ಫೋನ್ ಮಾಡಿ ಇದನ್ನು ತಿಳಿಸಿ, ಮಾವಶಿಗೂ ಕೇಳಲೆಂದು ದನಿ ದೊಡ್ಡದು ಮಾಡಿ ಇಟ್ಟೆ.

"ಹಂಗಿದ್ರ ಅವರ ರೋಗ ನಿಮ್ಮ ಮನೆತನದ್ದಂತ ಹಿಡಿಯಾಂಗಿಲ್ರಿ," ಎಂದರು ಅವರು. "ಉಳದದ್ದು ನಿಮ್ಮ ತಾಯಿಯವರದು ಒಂದ, ಅದೂ ವಯಸ್ಸಾದ ಮ್ಯಾಲ ಬಂದದ್ದು. ಆಪರೇಷನ್ ಮಾತು ಬಿಡ್ರಿ. ವರ್ಷಾ ವರ್ಷಾ ತಪಾಸಣಿ ಮಾತ್ರ ತಪ್ಪಿಸಬ್ಯಾಡ್ರಿ. ಆ ಅಕ್ಷರದ ಅರ್ಥ ಮುಂದ ತಿಳೀಬಹುದು, ಬಂದಾಗೊಮ್ಮೆ ಕೇಳ್ರಿ." ಮುಂದುವರಿದು, "ಆದರ ಅವರಿಗೆ ಭಾಳ ಲಗೂನ, ಸಣ್ಣ ವಯಸ್ಸಿನಾಗ ಬಂದದ. ಅವರ ಪರೀಕ್ಷೆ ಬ್ಯಾರೇನ ಆಗಬೇಕು, ಅವರ ಸಲುವಾಗಿ, ಅವರ ಮಕ್ಕಳ ಸಲುವಾಗಿ. ಕರಕೊಂಡ ಬರ್ರಿ," ಎಂದರು.

"ನನಗ್ಯಾಕ ಇನ್ನ? ನಂದು ಮುಗದ ಕಥಿ," ಎಂದು ಮಾವಶಿ ಕೈ ಬೀಸಿದಳು.

"ತವರಿನವರು ಕರದ್ರ ಬರಬೇಕು. ಮುಂದಿನ ವಾರ ನಾನ ಬಂದು ಕರಕೊಂಡ ಹೋಗ್ತೀನಿ," ಎಂದೆ. "ಎಲಿ ಸಂಚಿ ಅಲ್ಲೀತನಕ ನನ್ನ ಹತ್ರನ ಇರತೈತಿ."

"ಅಗ ಬಾಯಿ! ಇಕಿ ಥೇಟ ಆಯಿ ಹಂಗ ಹಟಮಾರಿ," ಎಂದಳು, ಸೆರಗಿನಿಂದ ಮೂಗು ಒರೆಸಿಕೊಂಡು.

ಅವಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಖಣ, ಅಕ್ಕಿ, ತೆಂಗಿನಕಾಯಿ, ಉಂಡಿ ಹಾಕಿ ಉಡಿ ತುಂಬಿದೆ, ಪ್ರತಿ ವರ್ಷ ತುಂಬುವ ಹಾಗೆಯೇ. ಅವಳು ಸೆರಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಖಾಲಿ ಕೊಳವೆ ಚೀಲಕ್ಕೆ ಮರಳಿ ಹೋಯಿತು.

ಯಜಮಾನರಿಗೆ ಫೋನ್ ಹಚ್ಚಿ ಆಪರೇಷನ್ ಇಲ್ಲ ಎಂದೆ. "ಖರೇನ?" ಎಂದರು. ಆಮೇಲೆ, "ಚಟ್ನಿಪುಡಿ ಡಬ್ಬಿ ಎಲ್ಲಿಟ್ಟೀದಿ?" ಎಂದರು.

ರಾತ್ರಿ ಅಲ್ಲೇ ಉಳಿದೆ. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಮೇಲೊಂದೊಂದು ಉಂಡಿ. ಉಂಡಾದ ಮೇಲೆ ಮಾವಶಿ ಎಲೆ ಕೇಳಲಿಲ್ಲ. ನನ್ನ ಹಾಸಿಗೆಯನ್ನು ತನ್ನ ಹಾಸಿಗೆಗೆ ತಾಗಿಸಿ ಹಾಸಿ, ನನಗಿಂತ ಮೊದಲು ನಿದ್ದೆ ಹೋದಳು.