ಮುಂದೆ ಹೊಡೆದರೆ ಬೆಂಕಿ

ನಮ್ಮತ್ತೆಗೆ ಕಿಡ್ನಿ ಕಾಯಿಲೆ. ವಾರಕ್ಕೆರಡು ಸಲ ಬೇಲೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಊದಿದ ಕಾಲಲ್ಲಿ ಅವರು ಬಸ್ಸಿನ ಮೆಟ್ಟಿಲು ಹತ್ತಲಾರರು. ಮಾವನವರು ತೆಂಗಿನಕಾಯಿ ಸಾಗಿಸಲೆಂದು ಕೊಂಡಿದ್ದ ಹಳೆಯ ಪೆಟ್ರೋಲ್ ಪಿಕಪ್ಪೇ ಗತಿ. ಬಾಗಿಲ ಬಳಿ ಮಣೆ ಇಟ್ಟು, ಸೊಂಟ ಹಿಡಿದು ಹತ್ತಿಸುತ್ತಿದ್ದೆವು. ಅವರು ಕೂರುವ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಅದು ಅಂಥ ದೊಡ್ಡ ವಿಷಯವೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಗಾಡಿ ಓಡಿಸುತ್ತಿದ್ದವರು ನನ್ನ ಗಂಡ. ಅವರು ಕೊಬ್ಬರಿ ಅಟ್ಟದಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಸ್ಟಿಯರಿಂಗ್ ನನ್ನ ಪಾಲಿಗೆ ಬಂತು. ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ.

ಆ ದಿನ ಬೇಲೂರಿಂದ ಅತ್ತೆಯನ್ನು ಕರೆದುಕೊಂಡು ವಾಪಸು ಬರುತ್ತಿದ್ದೆ. ಹಳೇಬೀಡು ದಾಟಿ ಅರಸೀಕೆರೆ ರಸ್ತೆಗೆ ಬಿದ್ದು, ಒಂದು ಸಣ್ಣ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಬಾನೆಟ್ಟಿನ ಒಳಗೆ ಢಬ್ ಎಂದು ಹೊಡೆಯಿತು. ಗಾಡಿ ಒಮ್ಮೆ ಬಿಕ್ಕಳಿಸಿ ಮುಂದೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಇನ್ನೊಂದು ಢಬ್. ಪೆಟ್ರೋಲ್ ವಾಸನೆ ಕಾಲ ಬಳಿಯಿಂದ ಮೇಲೆ ಬಂತು. ಬದಿಗೆ ನಿಲ್ಲಿಸಿ, ಕೀ ತೆಗೆದು, ಗಂಡನಿಗೆ ಫೋನ್ ಮಾಡಿದೆ.

"ಸದ್ದು ಹಿಂದೆ ಸೈಲೆನ್ಸರಲ್ಲಿ ಬಂತಾ, ಮುಂದೆ ಬಂತಾ?" ಎಂದರು.

"ಮುಂದೆ."

"ಹಿಂದೆ ಹೊಡೆದ್ರೆ ಬರೀ ಸದ್ದು ಕಣೇ. ಮುಂದೆ ಹೊಡೆದ್ರೆ ಕಾರ್ಬೊರೇಟರಿಂದ ಬೆಂಕಿ ಉಗಿಯೋದು. ಜೋರಾಗಿ ಒತ್ತಬೇಡ. ನಿಧಾನಕ್ಕೆ ಬಾ" ಎಂದರು.

ಬೆಂಕಿ ಎಂದ ಕೂಡಲೇ ನನ್ನ ಕಣ್ಣು ಅತ್ತೆಯ ಕಡೆಯ ಬಾಗಿಲಿಗೆ ಹೋಯಿತು. ಏನಾದರೂ ಆದರೆ ನಾನು ಇಳಿದು, ಗಾಡಿ ಸುತ್ತಿ ಬಂದು, ಹೊರಗಿನಿಂದ ಅದನ್ನು ತೆರೆದು, ಅವರನ್ನು ಹೊತ್ತು ಇಳಿಸಬೇಕು. ಅಷ್ಟು ಹೊತ್ತು ಬೆಂಕಿ ಕಾಯುತ್ತದೆಯೇ? ಆ ಬಾಗಿಲನ್ನು ಅರ್ಧ ತೆರೆದು ಹಗ್ಗದಲ್ಲಿ ಕಟ್ಟಿದೆ. ಸೈಕಲ್ ವೇಗದಲ್ಲಿ ಮನೆ ಮುಟ್ಟಿದೆ.

ಮತ್ತೆ ಡಯಾಲಿಸಿಸ್ ಇದ್ದದ್ದು ಎರಡು ದಿನ ಬಿಟ್ಟು. ಬಾಡಿಗೆ ಕಾರಿಗೆ ಕೇಳಿದರೆ, ಮದುವೆ ಸೀಸನ್, ಆ ದಿನಕ್ಕೆ ಒಂದೂ ಸಿಗಲಿಲ್ಲ. ಹಳೇಬೀಡಿನ ಮೆಕ್ಯಾನಿಕ್ಕು ಅಯ್ಯಪ್ಪನ ಮಾಲೆ ಹಾಕಿ ಯಾತ್ರೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಗಂಡ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ನಾನು ಹೇಳ್ತೀನಿ, ನೀನು ಮಾಡು. ಮೊದ್ಲು ಒಂದು ಗೋಣಿಚೀಲ ನೆನೆಸಿ ಪಕ್ಕಕ್ಕಿಟ್ಕೊ" ಎಂದರು. ಚೀಲ ನೆನೆಸಿ ತಂದು ಅವರ ಕುರ್ಚಿಯ ಪಕ್ಕ ಇಟ್ಟೆ.

ಪ್ಲಗ್ಗುಗಳನ್ನು ಬಿಚ್ಚಿದೆ. ತುದಿ ಸುಣ್ಣ ಬಳಿದ ಹಾಗೆ ಬಿಳುಪಾಗಿತ್ತು. ಗಂಡ ಒಂದನ್ನು ಎಡಗೈಯಲ್ಲಿ ತಿರುಗಿಸಿ ನೋಡಿ, "ಪೆಟ್ರೋಲ್ ಕಮ್ಮಿ ಆಗೈತೆ, ಇಲ್ಲಾ ಗಾಳಿ ಜಾಸ್ತಿ ಆಗೈತೆ" ಎಂದರು. ಪ್ಲಗ್ ವಯರುಗಳು ಅದಲುಬದಲಾದರೂ ಹೀಗೆ ಹೊಡೆಯುತ್ತದಂತೆ, ಆದರೆ ಅವು ಸರಿಯಾಗೇ ಇದ್ದವು. ಪ್ಲಗ್ಗುಗಳನ್ನು ಮತ್ತೆ ಹಾಕಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಗಾಡಿ ಚಾಲೂ ಮಾಡಿ, ಕೈಯಿಂದಲೇ ಆಕ್ಸಿಲರೇಟರ್ ಕಡ್ಡಿ ಎಳೆದೆ.

ಢಬ್ ಎಂದದ್ದು ಕೇಳಿಸುವ ಮೊದಲೇ ಬೆಂಕಿ ಕಂಡಿತು. ಕಾರ್ಬೊರೇಟರಿನ ಬಾಯಿಂದ ಮೊಳದುದ್ದದ ನಾಲಗೆ. ಹುಬ್ಬು ಸುಟ್ಟ ವಾಸನೆ ನನಗೇ ಬಂತು. ಹಿಂದೆ ಸರಿದೆನಷ್ಟೇ, ಆಮೇಲೆ ಕೈಕಾಲು ಓಡಲಿಲ್ಲ. ಗಂಡ ಒಂದೇ ಕೈಯಲ್ಲಿ ಗೋಣಿಚೀಲ ಎತ್ತಿ ಅದರ ಮೇಲೆ ಎಸೆದು, "ಕೀ ತೆಗಿ" ಎಂದು ಕೂಗಿದರು. ಆಗ ಓಡಿ ಕೀ ತೆಗೆದೆ. ಹೊಗೆ ಎದ್ದಿತು, ಬೆಂಕಿ ಸತ್ತಿತ್ತು.

ಜಗುಲಿಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಮೆಲ್ಲಗೆ ಅಂದರು, "ಸಾಕು ಬಿಡ್ರವ್ವ. ನಾನು ಆಸ್ಪತ್ರೆಗೆ ಬರಾದಿಲ್ಲ. ಈ ಮುದುಕಿಗೋಸ್ಕರ ನೀವು ಸುಟ್ಕೊಂಡು ಸಾಯೋದು ಬ್ಯಾಡ."

ಅವರು ಕೋಪದಲ್ಲಿ ಹೇಳಲಿಲ್ಲ. ತೀರ್ಮಾನ ಮಾಡಿಬಿಟ್ಟವರ ಹಾಗೆ ಹೇಳಿದರು. ಎರಡು ಸಲ ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆಂದು ವೈದ್ಯರು ನಮ್ಮೆದುರಿಗೇ ಹೇಳಿದ್ದರು. ಬೆಂಕಿಗಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ. "ನೀವು ಸುಮ್ನಿರಿ ಅತ್ತೆ" ಎಂದು ಹೇಳಿ, ಮತ್ತೆ ಬಾನೆಟ್ಟಿನ ಬಳಿ ಹೋದೆ. ಕಾಲು ನಡುಗುವುದು ಕಾಣಬಾರದೆಂದು ಬಂಪರಿಗೆ ಒರಗಿ ನಿಂತೆ.

ಈ ಸಲ ಮುಚ್ಚಳ ಮುಚ್ಚಿ, ಮುಖ ದೂರವಿಟ್ಟು ಚಾಲೂ ಮಾಡಿದೆವು. ಚೋಕ್ ಅರ್ಧ ಎಳೆದಾಗ ಢಬ್ ಢಬ್ ನಿಂತಿತು, ತಳ್ಳಿದಾಗ ಮತ್ತೆ ಶುರು. "ಚೋಕ್ ಗಾಳಿ ತಡೆದ್ರೆ ಸರಿಹೋಗ್ತೈತೆ. ಹಂಗಾದ್ರೆ ಎಲ್ಲೋ ಕಳ್ಳಗಾಳಿ ಎಳೀತೈತೆ" ಎಂದರು ಗಂಡ. ಸೋಪಿನ ನೀರನ್ನು ಚಮಚದಲ್ಲಿ ಕಾರ್ಬೊರೇಟರಿನ ಬುಡಕ್ಕೆ ಸುತ್ತಲೂ ಬಿಡಲು ಹೇಳಿದರು. ಚಮಚ ಕಬ್ಬಿಣಕ್ಕೆ ಬಡಿದು ಟಕಟಕ ಅನ್ನುತ್ತಿತ್ತು. ಹಿಂಬದಿಯ ಮೂಲೆಯಲ್ಲಿ ನೀರು ಸುರ್ರನೆ ಒಳಗೆ ಹೋಯಿತು, ಇಂಜಿನ್ನಿನ ಸದ್ದು ಒಮ್ಮೆ ಮೆತ್ತಗಾಯಿತು.

ಬಿಚ್ಚಿ ನೋಡಿದರೆ ಬುಡದ ಸಂದಿ ಮುಚ್ಚುವ ಪ್ಯಾಕಿಂಗ್ ಒಣಗಿ ಹಪ್ಪಳದಂತೆ ಸೀಳಿಹೋಗಿತ್ತು. ಅದನ್ನೇ ಕಾಗದದಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಗೆ ಹೋದೆ. ಅಂಥದ್ದು ಈಗ ಬರುವುದಿಲ್ಲವೆಂದು ಮೊದಲು ಕೇಳಿದ ಕಡೆ ಹೇಳಿದರು. ಇನ್ನೊಬ್ಬ ಅಂಗಡಿಯವರು ಹಳೆಯದನ್ನು ಪ್ಯಾಕಿಂಗ್ ಹಾಳೆಯ ಮೇಲಿಟ್ಟು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕತ್ತರಿಸಿಕೊಟ್ಟರು.

ಸಂಜೆಯೊಳಗೆ ಕೂರಿಸಿದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಸರಾಗವಾಗಿ ಓಡಿತು. ಅತ್ತೆ ಕೂರುವ ಕಡೆಯ ಬಾಗಿಲಿನ ಹಿಡಿಯನ್ನೂ ಬಿಚ್ಚಿ, ಒಳಗೆ ಬಿಟ್ಟುಹೋಗಿದ್ದ ಕಬ್ಬಿಣದ ಕಡ್ಡಿಯನ್ನು ತಂತಿಯಿಂದ ಕಟ್ಟಿ, ಅವರ ಕೈಯಲ್ಲೇ ಒಳಗಿನಿಂದ ತೆರೆಸಿ ನೋಡಿದೆ.

ಡಯಾಲಿಸಿಸ್ ದಿನ ಅತ್ತೆ ತಾವಾಗಿಯೇ ಬಂದು ಗಾಡಿಯ ಬಳಿ ನಿಂತರು. ಬೇಲೂರು ತಲುಪುವವರೆಗೆ ಪ್ರತಿ ಏರಿನಲ್ಲೂ ಢಬ್ ಎಂದೀತೆಂದು ಕಿವಿಗೊಡುತ್ತಿದ್ದೆ, ಆದರೆ ಏನೂ ಆಗಲಿಲ್ಲ. ಅವರಿಗೆ ಸೂಜಿ ಚುಚ್ಚಿ ಮೆಷಿನ್ ಹಾಕಿದ ಮೇಲೆ, ಪಕ್ಕದ ಮಂಚದ ಹೆಂಗಸಿಗೆ, "ನಮ್ ಸೊಸೆನೇ ಗಾಡಿ ರಿಪೇರಿ ಮಾಡಿದ್ದು. ಭಯ ಅನ್ನೋದೇ ಇಲ್ಲ ಅವ್ಳಿಗೆ" ಎಂದು ಹೇಳುತ್ತಿದ್ದರು. ನಾನು ಹೊರಗೆ ಬಂದು ಕಾಫಿ ತೆಗೆದುಕೊಂಡೆ. ಕೈಯಲ್ಲಿ ಲೋಟ ತುಳುಕುತ್ತಿದ್ದುದರಿಂದ ಕಟ್ಟೆಯ ಮೇಲಿಟ್ಟು, ಆರಿದ ಮೇಲೆ ಕುಡಿದೆ.